ಮಳೆ ನಿಂತರೂ ನಿಲ್ಲದ ಹನಿ

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬುದು ನಮ್ಮ ಹಿರಿಯರ ಮಾತು. ಆಕಾಶ ತಿಳಿಯಾಗಿ ಬಿಸಿಲು ಇಣುಕಿದ ಮೇಲೂ ಮರದ ಅಡಿಯಲ್ಲಿ ನಿಂತವನ ನೆತ್ತಿ ತೋಯುತ್ತಲೇ ಇರುತ್ತದೆ. ಬಯಲಿನಲ್ಲಿ ನಿಂತವನು ಅವನ ಕೊಡೆಯನ್ನು ಕಂಡು ನಗಬಹುದು; ತೊಯ್ಯುತ್ತಿರುವವನಿಗೆ ಮಾತ್ರ ಮಳೆ ಇನ್ನೂ ಮುಗಿದಿಲ್ಲ. ಬಾಲ್ಯದಿಂದ ಕೇಳಿಬಂದ ಈ ಮಾತಿನೊಳಗೆ ವೈದ್ಯಶಾಸ್ತ್ರದ ಒಂದು ದೊಡ್ಡ ಸಂಗತಿ ಅಡಗಿದೆಯೆಂದು ನನಗೆ ತಿಳಿದದ್ದು ತೀರ ತಡವಾಗಿ, ಸರ್ಕಾರಿ ವೈದ್ಯನಾಗಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತನಾದ ಬಳಿಕ. ಅದನ್ನು ತಿಳಿಸಿಕೊಟ್ಟವರು ಯಾವ ಪ್ರಾಧ್ಯಾಪಕರೂ ಅಲ್ಲ. ಕೊಡಗಿನ ಒಂದು ಗುಡ್ಡದ ತಪ್ಪಲಿನಿಂದ ಉಟ್ಟ ಬಟ್ಟೆಯಲ್ಲಿ ಇಳಿದುಬಂದ ಒಬ್ಬ ಹೆಣ್ಣುಮಗಳು.

೨೦೧೮ರ ಆಗಸ್ಟ್ ತಿಂಗಳ ನಡುವಿನ ಆ ದಿನಗಳನ್ನು ಓದುಗರು ಮರೆತಿರಲಾರರು. ಮಲೆನಾಡಿನವರಿಗೆ ಮಳೆ ಹೊಸದಲ್ಲ. ಕಕ್ಕಡದ ಮಳೆಯೆಂದರೆ ಕೊಡಗಿನಲ್ಲಿ ಒಂದು ಬಗೆಯ ಮನೆಯ ನೆಂಟ. ಆದರೆ ಆ ಸಲ ಗುಡ್ಡಗಳೇ ನೀರುಂಡು ಬಿರಿದವು. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಮುಂತಾದ ಊರುಗಳಲ್ಲಿ ಮನೆ, ತೋಟ, ಗದ್ದೆ, ರಸ್ತೆಗಳೆಲ್ಲ ಕೆಸರಿನ ಪ್ರವಾಹದೊಡನೆ ಕೆಳಗಿಳಿದವು. ಸತ್ತವರ ಸಂಖ್ಯೆ ಇಪ್ಪತ್ತರ ಆಸುಪಾಸು, ನಿರಾಶ್ರಿತರಾದವರು ಸಾವಿರಾರು. ಶಾಲೆಗಳೂ ಕಲ್ಯಾಣಮಂಟಪಗಳೂ ಪರಿಹಾರ ಕೇಂದ್ರಗಳಾದವು. ಅಂಥ ಒಂದು ಕೇಂದ್ರದಲ್ಲಿ ನಾನೂ ಕೈಲಾದ ಸೇವೆ ಮಾಡೋಣವೆಂದು ಸ್ಟೆಥಾಸ್ಕೋಪು ಹಿಡಿದು ಕುಳಿತಿದ್ದೆ.

ಆ ಹೆಣ್ಣುಮಗಳು ಮೂರನೆಯ ದಿನ ಬಂದರು. ಹೆಸರೂ ಊರೂ ಇಲ್ಲಿ ಬೇಡ. ವಯಸ್ಸು ನಲವತ್ತರ ಸುಮಾರು. ಎರಡು ಎಕರೆ ಕಾಫಿ ತೋಟವಿದ್ದ ಸಂಸಾರ. ಎದೆ ಡವಗುಟ್ಟುತ್ತದೆ, ಹೊಟ್ಟೆಯಲ್ಲಿ ಉರಿ, ಕಣ್ಣು ಮುಚ್ಚಿದರೆ ನಿದ್ದೆಯಿಲ್ಲ ಎಂದರು. ನಾಡಿ ನೋಡಿದೆ, ರಕ್ತದೊತ್ತಡ ನೋಡಿದೆ. ಹೃದಯದ ಪಟ್ಟಿ ತೆಗೆಸಿದಾಗ ಅದರಲ್ಲಿಯೂ ದೋಷವಿರಲಿಲ್ಲ. "ಏನೂ ಇಲ್ಲಮ್ಮ, ಧೈರ್ಯವಾಗಿರಿ" ಎಂದು ಹೇಳಿ, ಹೊಟ್ಟೆಯುರಿಗೊಂದು, ನಿದ್ದೆಗೊಂದು ಮಾತ್ರೆ ಕೊಟ್ಟು ಕಳುಹಿಸಿದೆ. ಚೀಟಿಯಲ್ಲಿ 'ಎಷ್ಟು ದಿನದಿಂದ' ಎಂಬ ಕಡೆ '೩ ದಿನ' ಎಂದು ಬರೆದೆ. ಸಾಲಿನಲ್ಲಿ ಇನ್ನೂ ನಲವತ್ತು ಜನ ನಿಂತಿದ್ದರು. ನಾನು ಮಾಡಿದ್ದರಲ್ಲಿ ತಪ್ಪೇನಿದೆ ಎಂದು ಆಗ ಯಾರಾದರೂ ಕೇಳಿದ್ದರೆ, ಏನೂ ಇಲ್ಲವೆಂದೇ ಹೇಳುತ್ತಿದ್ದೆ.

ಮರುವರ್ಷದ ಮಳೆಗಾಲದಲ್ಲಿ ಅವರು ನನ್ನ ಮನೆಯನ್ನು ಹುಡುಕಿಕೊಂಡು ಬಂದರು. ಅದೇ ಎದೆಬಡಿತ, ಅದೇ ಉರಿ. ಅದರ ಮರುವರ್ಷವೂ ಬಂದರು. ಅಷ್ಟರಲ್ಲಿ ಅವರಿಗೆ ಸರ್ಕಾರದಿಂದ ಹೊಸ ಮನೆ ಸಿಕ್ಕಿತ್ತು. ಜಂಬೂರು, ಮದೆನಾಡು, ಕರ್ಣಂಗೇರಿ ಮೊದಲಾದ ಕಡೆ ನಿರಾಶ್ರಿತರಿಗಾಗಿ ಕಟ್ಟಿದ ಮನೆಗಳ ಸಾಲುಗಳನ್ನು ನೋಡಿದವರಿಗೆ ಗೊತ್ತು, ಅವು ಗಟ್ಟಿಯಾದ ಮನೆಗಳು. ಆಕೆಯ ಮನೆಯ ಹಿಂದೆ ಗುಡ್ಡವಿಲ್ಲ, ಮುಂದೆ ಹೊಳೆಯಿಲ್ಲ. ಆದರೂ ಮಳೆ ಬಲವಾದ ರಾತ್ರಿಗಳಲ್ಲಿ ಅವರು ಮಲಗುತ್ತಿರಲಿಲ್ಲ. ಆಧಾರ್ ಚೀಟಿ, ಪಡಿತರ ಚೀಟಿ, ಮಗಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬ್ಯಾಟರಿ ದೀಪದೊಡನೆ ಬಾಗಿಲ ಬಳಿ ಕುಳಿತಿರುತ್ತಿದ್ದರು. ದೂರದ ಘಟ್ಟದಲ್ಲಿ ಭಾರದ ಲಾರಿ ಏರಿದ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದರು. ಅಂದು ಗುಡ್ಡ ಬಂದ ಸದ್ದು ಹಾಗೆಯೇ ಇತ್ತಂತೆ. ಹಸಿ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿದರೆ, ಕೊಟ್ಟಿಗೆಯಲ್ಲಿ ಬಿಚ್ಚಲಾಗದೆ ಬಿಟ್ಟುಬಂದ ಎರಡು ಹಸುಗಳ ಕೂಗು ಕಿವಿಯಲ್ಲಿ ಏಳುತ್ತಿತ್ತು. "ಡಾಕ್ಟ್ರೇ, ಗುಡ್ಡ ಜಾರಿದ್ದು ಒಂದೇ ಸಲ. ನನಗೆ ಮಾತ್ರ ಮಳೆ ಬಂದ ರಾತ್ರಿಯೆಲ್ಲ ಜಾರುತ್ತದೆ" ಎಂದರು. ಪರೀಕ್ಷೆಯ ಕಾಗದಗಳೆಲ್ಲ 'ಏನೂ ಇಲ್ಲ' ಎಂದು ಹೇಳುತ್ತಿದ್ದಾಗ ಈ ಒಂದು ವಾಕ್ಯ ನನ್ನನ್ನು ಮತ್ತೆ ಪುಸ್ತಕಗಳ ಮುಂದೆ ಕೂರಿಸಿತು. ಅಲ್ಲಿ ಕಲಿತದ್ದನ್ನು ಹೇಳುವುದೂ, ನಮ್ಮ ಪರಿಹಾರಕಾರ್ಯದ ರೀತಿಯನ್ನು ಅದರ ಬೆಳಕಿನಲ್ಲಿ ನೋಡುವುದೂ ಈ ಲೇಖನದ ಉದ್ದೇಶ.

ಅಪಾಯದ ಮುಂದೆ ದೇಹ ಏನು ಮಾಡುತ್ತದೆ ಎಂಬುದನ್ನು ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ೧೯೧೫ರ ಗ್ರಂಥದಲ್ಲಿ ವಿಶದಪಡಿಸಿದ: ಹೋರಾಡು, ಇಲ್ಲವೇ ಓಡು. ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಒಂದು ಪುಟ್ಟ ಭಾಗವಿದೆ. ಅದಕ್ಕೆ ಅಮಿಗ್ಡಲವೆಂದು ಹೆಸರು. ಮನೆಯ ಕಾವಲುಗಾರನಂತೆ ಅದು ಸದಾ ಆಲಿಸುತ್ತಿರುತ್ತದೆ. ಕಂಡದ್ದು ಹಗ್ಗವೋ ಹಾವೋ ಎಂದು ಬುದ್ಧಿ ನಿಶ್ಚಯಿಸುವ ಮುನ್ನವೇ ಅದು ಗಂಟೆ ಬಾರಿಸಿಬಿಡುತ್ತದೆ. ಕೂಡಲೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ರಸವನ್ನು ಸುರಿಸುತ್ತವೆ; ಗುಂಡಿಗೆ ದಡದಡಿಸುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತ ಜಠರವನ್ನು ಬಿಟ್ಟು ಕೈಕಾಲುಗಳಿಗೆ ಹರಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಸೇರಿ, ಕೂಡಿಟ್ಟ ಸಕ್ಕರೆಯನ್ನು ಬಿಡಿಸಿ, ದೀರ್ಘ ಹೋರಾಟಕ್ಕೆ ಬುತ್ತಿ ಕಟ್ಟಿಕೊಡುತ್ತದೆ. ಇದರಲ್ಲಿ ರೋಗವೆಂಬುದು ಏನೂ ಇಲ್ಲ. ಆಕೆ ಮಗಳ ಕೈ ಹಿಡಿದು ಕತ್ತಲಲ್ಲಿ ಆ ಇಳಿಜಾರನ್ನು ದಾಟಿ ಬದುಕಿದ್ದು ಈ ವ್ಯವಸ್ಥೆಯ ದಯೆಯಿಂದ.

ಸಾಮಾನ್ಯವಾಗಿ ಅಪಾಯ ಕಳೆದ ಮೇಲೆ ಹಣೆಯ ಹಿಂದಿರುವ ಮುಂಮಿದುಳು ಕಾವಲುಗಾರನನ್ನು ಸಮಾಧಾನಪಡಿಸುತ್ತದೆ. "ಅದು ಗುಡ್ಡವಲ್ಲ, ಲಾರಿ; ಇದು ಹಳೆಯ ಊರಲ್ಲ, ಹೊಸ ಮನೆ" ಎಂದು ತಿಳಿಹೇಳುತ್ತದೆ. ಹೀಗೆ ತಿಳಿಹೇಳಲು ಅದಕ್ಕೆ ಇನ್ನೊಂದು ಭಾಗದ ನೆರವು ಬೇಕು. ಕಡಲಕುದುರೆಯ ಆಕಾರದ, ಹಿಪ್ಪೊಕ್ಯಾಂಪಸ್ ಎಂಬ ಆ ಭಾಗ ನೆನಪುಗಳಿಗೆ ಕಾಲವನ್ನೂ ಸ್ಥಳವನ್ನೂ ನಮೂದಿಸುವ ಶಾನುಭೋಗ. ತೀವ್ರ ಭಯದ ಗಳಿಗೆಯಲ್ಲಿ ಕಾವಲುಗಾರನ ಗಂಟೆ ಎಷ್ಟು ಜೋರಾಗಿರುತ್ತದೆಂದರೆ, ಶಾನುಭೋಗನ ಲೆಕ್ಕ ಹಲವರಲ್ಲಿ ಕೆಡುತ್ತದೆ. ಸದ್ದು, ವಾಸನೆ, ಕೂಗು ಇವು ಅಚ್ಚೊತ್ತಿದಂತೆ ಉಳಿಯುತ್ತವೆ. ಯಾವಾಗ, ಎಲ್ಲಿ, ಮೊದಲೇನು, ಆಮೇಲೇನು ಎಂಬುದು ಚದುರಿಹೋಗುತ್ತದೆ. ತಾರೀಖಿಲ್ಲದ ನೆನಪು ಹಿಂದಿನದಾಗಿ ತೋರುವುದಿಲ್ಲ. ಅದು ಈಗ ನಡೆಯುತ್ತಿರುವಂತೆಯೇ ಬರುತ್ತದೆ. ಆದ್ದರಿಂದಲೇ ಬದುಕಿ ಬಂದವರು ಅಧಿಕಾರಿಗಳ ಮುಂದೆ ಕಥೆಯನ್ನು ಹಿಂದುಮುಂದಾಗಿ ಹೇಳುತ್ತಾರೆ. ಅವರು ಸುಳ್ಳಾಡುತ್ತಿದ್ದಾರೆಂದು ಬರೆದುಕೊಳ್ಳುವ ಗುಮಾಸ್ತರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಆಘಾತ ಮಿದುಳನ್ನು ಸುಟ್ಟುಹಾಕುತ್ತದೆ, ಹಿಪ್ಪೊಕ್ಯಾಂಪಸನ್ನು ಕುಗ್ಗಿಸುತ್ತದೆ ಎಂದು ಕೆಲವರು ಅವಸರದಿಂದ ಬರೆಯುವುದುಂಟು. ಇಂಥ ರೋಗಿಗಳಲ್ಲಿ ಆ ಭಾಗ ಸರಾಸರಿಯಲ್ಲಿ ಸಣ್ಣದಾಗಿರುವುದು ನಿಜ. ಆದರೆ ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಯೋಧರನ್ನೂ, ಯುದ್ಧಕ್ಕೆ ಹೋಗದೆ ಮನೆಯಲ್ಲಿದ್ದ ಅವರ ತದ್ರೂಪಿ ಅವಳಿ ಸೋದರರನ್ನೂ ಹೋಲಿಸಿ ೨೦೦೨ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯ ದಾರಿ ತೋರಿಸಿತು. ರೋಗ ಬಲವಾಗಿದ್ದ ಯೋಧನ ಸೋದರನಲ್ಲಿಯೂ, ಅವನು ಯುದ್ಧವನ್ನೇ ಕಾಣದಿದ್ದರೂ, ಆ ಭಾಗ ಸಣ್ಣದಾಗಿಯೇ ಇತ್ತು. ಅಂದರೆ ಅದು ಕೆಲವರಲ್ಲಿ ಗಾಯದ ಕಲೆಯಲ್ಲ, ಹುಟ್ಟಿನಿಂದಲೇ ಬಂದ ಮೃದುತ್ವವಿರಬಹುದು. ಒಂದೇ ಕೇಂದ್ರದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದ ಇಬ್ಬರಲ್ಲಿ ಒಬ್ಬರು ಆರು ತಿಂಗಳಲ್ಲಿ ಚೇತರಿಸಿಕೊಂಡು, ಇನ್ನೊಬ್ಬರು ಆರು ವರ್ಷವಾದರೂ ನರಳುವುದೇಕೆಂಬ ಪ್ರಶ್ನೆಗೆ ಇದು ಒಂದು ಉತ್ತರ. ಅದು ಧೈರ್ಯ ಅಧೈರ್ಯಗಳ ಮಾತಲ್ಲ. "ಧೈರ್ಯವಾಗಿರಿ" ಎಂದ ನನ್ನ ಉಪದೇಶ ಎಷ್ಟು ಟೊಳ್ಳಾಗಿತ್ತೆಂದು ಆ ಅಧ್ಯಯನವನ್ನು ಓದಿದಾಗ ನಾಚಿಕೆಯಾಯಿತು.

ಮನಸ್ಸಿನ ಮಾತು ಹಾಗಿರಲಿ, ದೇಹಕ್ಕೇನು ಕೇಡು ಎಂದು ಕೇಳುವವರಿದ್ದಾರೆ. ೧೯೯೪ರ ಜನವರಿ ೧೭ರ ಬೆಳಗಿನ ಜಾವ ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ಭೂಕಂಪವಾಯಿತು. ರಕ್ತನಾಳಗಳ ರೋಗದಿಂದ ಹೃದಯ ನಿಂತು ಹಠಾತ್ತನೆ ಸಾಯುತ್ತಿದ್ದವರು ಅದರ ಹಿಂದಿನ ವಾರ ಅಲ್ಲಿ ದಿನಕ್ಕೆ ಸರಾಸರಿ ಐದಕ್ಕಿಂತ ಕಡಮೆ. ಭೂಕಂಪದ ಆ ಒಂದು ದಿನ ೨೪. ಜಪಾನಿನ ವೈದ್ಯರು ೧೯೯೦ರಲ್ಲಿ ಇನ್ನೊಂದು ವಿಚಿತ್ರವನ್ನು ವರ್ಣಿಸಿದರು: ಕಡು ದುಃಖ ಅಥವಾ ಭಯದ ಬಳಿಕ, ರಕ್ತನಾಳಗಳು ತೆರೆದೇ ಇದ್ದರೂ, ಹೃದಯದ ಎಡಗೋಣೆ ಉಬ್ಬಿ ದುರ್ಬಲವಾಗುತ್ತದೆ. ಆಗ ಅದರ ಆಕಾರ ಅಲ್ಲಿನ ಬೆಸ್ತರು ಅಷ್ಟಪದಿಗಳನ್ನು ಹಿಡಿಯಲು ಬಳಸುವ ತಾಕೋತ್ಸುಬೋ ಎಂಬ ಮಡಕೆಯಂತೆ ಕಾಣುವುದರಿಂದ ಅದಕ್ಕೆ ಆ ಹೆಸರೇ ನಿಂತಿತು. ಎದೆಯೊಡೆಯಿತು ಎಂದು ನಮ್ಮ ಹೆಂಗಸರು ಅಳುವುದು ಬರಿಯ ಅಲಂಕಾರವಲ್ಲ.

ಇವು ಒಂದು ದಿನದ ಪೆಟ್ಟುಗಳು. ವರ್ಷಗಟ್ಟಲೆ ಗಂಟೆ ಬಾರಿಸುತ್ತಲೇ ಇದ್ದರೆ ಆಗುವ ಸವೆತ ಬೇರೆ: ನಿದ್ದೆ ಕೆಡುತ್ತದೆ, ಜೀರ್ಣ ಕೆಡುತ್ತದೆ, ಕತ್ತು ಬೆನ್ನುಗಳ ಸ್ನಾಯುಗಳು ಬಿಗಿದು ನೋವಾಗುತ್ತದೆ, ಹೃದಯರೋಗದ ಸಂಭವ ಹೆಚ್ಚುತ್ತದೆ. ಕ್ಯಾಲಿಫೋರ್ನಿಯದಲ್ಲಿ ೯,೫೦೮ ವಯಸ್ಕರನ್ನು ಕೇಳಿ ೧೯೯೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಬಾಲ್ಯದಲ್ಲಿ ಹೊಡೆತ, ದೌರ್ಜನ್ಯ, ಮನೆಯೊಳಗಿನ ಹಿಂಸೆಗಳನ್ನು ಹೆಚ್ಚು ಬಗೆಗಳಲ್ಲಿ ಕಂಡವರಿಗೆ ನಡುವಯಸ್ಸಿನಲ್ಲಿ ಹೃದಯದ, ಶ್ವಾಸಕೋಶದ, ಯಕೃತ್ತಿನ ಬೇನೆಗಳೂ ಹೆಚ್ಚಾಗಿದ್ದುದು ಕಂಡುಬಂತು. ಅದರಲ್ಲೊಂದು ಪಾಲು ನೇರವಾದ ಸವೆತವಲ್ಲ. ಸಂಕಟವನ್ನು ಮರೆಯಲು ಹಿಡಿದ ಬೀಡಿ, ಬಾಟಲಿಗಳ ಫಲವೂ ಹೌದು. ದಾರಿ ಯಾವುದಾದರೇನು, ಮುಟ್ಟುವುದು ಆಸ್ಪತ್ರೆಯನ್ನೇ.

ಈ ಅರಿವು ಪೂರ್ತಿ ಹೊಸದೂ ಅಲ್ಲ. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ನಡುಗುತ್ತ ಮೂಕರಾಗಿ ಬಂದ ಸೈನಿಕರನ್ನು ಕಂಡು ೧೯೧೫ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 'ಷೆಲ್ ಶಾಕ್' ಎಂಬ ಪದವನ್ನು ವೈದ್ಯಪತ್ರಿಕೆಗೆ ತಂದ. ಆದರೆ ಹಲವು ಸೇನಾಧಿಕಾರಿಗಳು ಅದನ್ನು ಹೇಡಿತನವೆಂದೇ ಎಣಿಸಿದರು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘ 'ಆಘಾತೋತ್ತರ ಒತ್ತಡದ ಬೇನೆ' ಎಂಬುದನ್ನು ರೋಗಗಳ ಪಟ್ಟಿಗೆ ಸೇರಿಸಿದ ಮೇಲೆ ಈ ಅಧ್ಯಯನಕ್ಕೆ ಬಲ ಬಂತು. ನಮ್ಮ ಬೆಂಗಳೂರಿಗೂ ಇದರಲ್ಲೊಂದು ದುಃಖದ ಅಧ್ಯಾಯವಿದೆ. ೧೯೮೧ರ ಫೆಬ್ರವರಿ ೭ರಂದು ಅಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ತೀರಿಹೋದರು. ಮಕ್ಕಳನ್ನು ಕಳೆದುಕೊಂಡವರ ಶೋಕವನ್ನು ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಶಾಸ್ತ್ರೀಯವಾಗಿ ಅಭ್ಯಸಿಸಿ ಪ್ರಕಟಿಸಿದರು.

ಮೂರೇ ವರ್ಷಗಳ ಬಳಿಕ, ೧೯೮೪ರ ಡಿಸೆಂಬರ್ ೨-೩ರ ನಡುರಾತ್ರಿ, ಭೋಪಾಲದ ವಿಷಾನಿಲ ದುರಂತ. ಕಣ್ಣು, ಶ್ವಾಸಕೋಶಗಳ ಮೇಲೆ ಅನಿಲದ ದಾಳಿ ಎಷ್ಟು ಭೀಕರವಾಗಿತ್ತೆಂದರೆ, ಮನಸ್ಸಿನ ಗಾಯದ ಕಡೆಗೆ ಮೊದಲು ಯಾರ ಗಮನವೂ ಹೋಗಲಿಲ್ಲ. ಮರುವರ್ಷ ಅಲ್ಲಿನ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದ ೮೫೫ ರೋಗಿಗಳನ್ನು ಲಖನೌ ನಗರದ ಮನೋವೈದ್ಯರು ಪರೀಕ್ಷಿಸಿದಾಗ ೧೯೩ ಜನರಲ್ಲಿ ಮಾನಸಿಕ ಬೇನೆ ಕಂಡುಬಂತು. ಅವರು ಬಂದಿದ್ದದ್ದು ಸಾಮಾನ್ಯ ವೈದ್ಯರ ಬಳಿಗೆ ಎಂಬುದು ಇಲ್ಲಿ ಮುಖ್ಯ. ಹುಚ್ಚಾಸ್ಪತ್ರೆಯ ಬಾಗಿಲಿಗೆ ಇವರು ಬರುವುದಿಲ್ಲ. ಎದೆಬಡಿತ, ಹೊಟ್ಟೆಯುರಿ, ನಿಶ್ಶಕ್ತಿ ಎಂದು ನನ್ನಂಥವರ ಮುಂದೆ ಬಂದು ಕೂರುತ್ತಾರೆ. ಇದನ್ನರಿತ ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿ ಮುಂತಾದವರು ಭೋಪಾಲದ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ಮನಶ್ಚಿಕಿತ್ಸೆಯ ತರಬೇತಿ ನೀಡಿದರು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಆಧಾರದ ಮೇಲೆ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ದಾರಿ ತೋರಿಸಿದವರು ನಮ್ಮವರೇ. ಆ ದಾರಿಯಲ್ಲಿ ನಡೆಯಲು ಮರೆತವರಲ್ಲಿ ನಾನೂ ಒಬ್ಬ.

ಈಗ ನಮ್ಮ ವ್ಯವಸ್ಥೆಯ ವಿಚಾರ. ಕಾಗದದ ಮೇಲೆ ನಾವು ಬಡವರಲ್ಲ. ವಿಪತ್ತಿನಲ್ಲಿ ಮನಸ್ಸಾಮಾಜಿಕ ನೆರವು ಹೇಗಿರಬೇಕೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ೨೦೦೯ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಈ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ೨೦೨೪ರ ಜುಲೈ ೩೦ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಗುಡ್ಡ ನುಂಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತಾಗ, ಆಪ್ತಸಲಹೆಗಾರರು ಶಿಬಿರಗಳಿಗೆ ಧಾವಿಸಿದರು. ಸತ್ತವರಲ್ಲಿ ನಮ್ಮ ಚಾಮರಾಜನಗರ, ಮಂಡ್ಯ ಕಡೆಯ ಸಂಸಾರಗಳವರೂ ಇದ್ದರು. ೨೦೧೮ರ ಕೊಡಗಿಗೆ ಹೋಲಿಸಿದರೆ ಇದು ಪ್ರಗತಿಯೇ ಸರಿ. ಅದನ್ನು ಒಪ್ಪಿಕೊಳ್ಳದಿರುವುದು ನ್ಯಾಯವಲ್ಲ.

ಆದರೆ ನಮ್ಮ ಪರಿಹಾರಕ್ಕೊಂದು ಪಂಚಾಂಗವಿದೆ, ದೇಹಕ್ಕೆ ಬೇರೊಂದಿದೆ. ಎರಡರ ತಿಥಿಗಳೂ ಕೂಡಿಬರುವುದಿಲ್ಲ. ಪರಿಹಾರದ ಪಂಚಾಂಗದಲ್ಲಿ ಸಾವಿಗೆ ೪ ಲಕ್ಷ ರೂಪಾಯಿ, ಬಿದ್ದ ಮನೆಗಿಷ್ಟು, ಸತ್ತ ಹಸುವಿಗಿಷ್ಟು ಎಂದು ಲೆಕ್ಕವಿದೆ. ಶಿಬಿರ ಮುಚ್ಚಿದ ದಿನ, ಹೆಚ್ಚೆಂದರೆ ಹೊಸ ಮನೆಯ ಬೀಗದಕೈ ಕೊಟ್ಟ ದಿನ, ಕಡತ ಮುಗಿಯುತ್ತದೆ. ಹಲವರ ದೇಹದಲ್ಲಿ ಕಡತ ತೆರೆಯುವುದೇ ಆಗ. ಮೊದಲ ತಿಂಗಳು ಓಡಾಟದಲ್ಲಿ ಕಳೆಯುತ್ತದೆ. ಬಾಗಿಲು ಹಾಕಿ ಒಬ್ಬರೇ ಮಲಗುವ ಮೊದಲ ಮಳೆಯ ರಾತ್ರಿ ಎಲ್ಲವೂ ಏಳುತ್ತದೆ.

ಬೇಸಗೆಯಲ್ಲಿ ಚೆನ್ನಾಗಿದ್ದವರು ಮಳೆಗಾಲದಲ್ಲಿ ಮತ್ತೆ ಕುಸಿಯುವುದೇಕೆ? ಇದಕ್ಕೆ ರಷ್ಯದ ಪಾವ್ಲೋವನ ಕಾಲದಿಂದ ಬಂದ ಒಂದು ತತ್ವ ಉತ್ತರ ಹೇಳುತ್ತದೆ. ಕಲಿತ ಭಯ ಅಳಿಸಿಹೋಗುವುದಿಲ್ಲ; ಅದರ ಮೇಲೆ ಅಭಯವೆಂಬ ಹೊಸ ಪಾಠ ಬರೆಯಲ್ಪಡುತ್ತದೆ, ಅಷ್ಟೆ. ಹಳೆಯ ಪಾಠ ಎಲ್ಲ ಕಡೆಗೂ ಸುಲಭವಾಗಿ ಹಬ್ಬುತ್ತದೆ. ಹೊಸದು ಮಾತ್ರ ಕಲಿತ ಸನ್ನಿವೇಶಕ್ಕೇ ಅಂಟಿಕೊಂಡಿರುತ್ತದೆ. ಫಾಲ್ಗುಣದ ಬಿಸಿಲಿನಲ್ಲಿ ಕಲಿತ ಅಭಯ ಕಕ್ಕಡದ ಕತ್ತಲಲ್ಲಿ ನೆನಪಿಗೆ ಬರುವುದಿಲ್ಲ. ಈ ಒಂದು ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡರೆ ನಮ್ಮ ಕಾರ್ಯಕ್ರಮದ ಕಾಲವೇ ಬದಲಾಗಬೇಕು. ದುರಂತವಾದ ಮೊದಲ ಮೂರು ತಿಂಗಳಲ್ಲಿ ಮುಗಿಸುವ ಬದಲು, ಮುಂದಿನ ನಾಲ್ಕೈದು ವರ್ಷ, ಪ್ರತಿ ಜೂನ್ ತಿಂಗಳ ಆರಂಭದಲ್ಲಿ, ಆಶಾ ಕಾರ್ಯಕರ್ತೆಯೋ ದಾದಿಯೋ ಆ ಮನೆಗಳ ಬಾಗಿಲು ತಟ್ಟಿ, "ನಿದ್ದೆ ಬರುತ್ತದೆಯೇ?" ಎಂಬ ಒಂದು ಪ್ರಶ್ನೆಯನ್ನು ಕೇಳಬೇಕು. ಕೋಟಿಗಟ್ಟಲೆ ಖರ್ಚಿನ ಮಾತಲ್ಲ ಇದು. ಯಾರ ಮನೆ ಎಲ್ಲಿದೆಯೆಂಬ ಪಟ್ಟಿ ಸರ್ಕಾರದ ಬಳಿಯೇ ಇದೆ. ಮನೆ ಹಂಚಿದವರು ಅವರೇ ತಾನೆ?

ಏನು ಮಾಡಬಾರದೆಂಬುದೂ ಅಷ್ಟೇ ಮುಖ್ಯ. ಘಟನೆ ನಡೆದ ಕೂಡಲೆ ಜನರನ್ನು ಸುತ್ತ ಕೂರಿಸಿ, ಕಂಡದ್ದನ್ನೆಲ್ಲ ಒಂದೇ ಸಲ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆಂದು ಹಿಂದೆ ನಂಬಿದ್ದರು. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಅದರಿಂದ ರೋಗ ತಪ್ಪುವುದಿಲ್ಲವೆಂದು ತಿಳಿದುಬಂದಿದೆ. ನಿದ್ದೆಮಾತ್ರೆಗಳ ವಿಷಯದಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆ ೨೦೧೩ರಲ್ಲಿ ಸ್ಪಷ್ಟವಾಗಿ ಹೇಳಿತು: ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ಡಯಾಜೆಪಾಮ್ ಜಾತಿಯ ಮಾತ್ರೆಗಳನ್ನು ಕೊಡಬಾರದು. ೨೦೧೮ರಲ್ಲಿ ನಾನು ಕೊಟ್ಟದ್ದು ಆ ಮಾತ್ರೆಯನ್ನೇ. ಐದು ವರ್ಷದ ಹಿಂದಿನ ಸೂಚನೆಯನ್ನು ನಾನು ಓದಿರಲಿಲ್ಲ. ಆರಂಭದಲ್ಲಿ ಬೇಕಾದದ್ದು ಸರಳ: ಬೆಚ್ಚನೆಯ ಜಾಗ, ಊಟ, ಮನೆಯವರ ಸುದ್ದಿ, ಹೇಳಿಕೊಳ್ಳಬೇಕೆನಿಸಿದರೆ ಕೇಳುವ ಕಿವಿ, ಹೇಳಬೇಕೆನಿಸದಿದ್ದರೆ ಕೆದಕದ ನಾಲಗೆ. ಬಹುಪಾಲು ಜನ ಇಷ್ಟರಿಂದಲೇ ತಮ್ಮ ಪಾಡಿಗೆ ಚೇತರಿಸಿಕೊಳ್ಳುತ್ತಾರೆ. ತಿಂಗಳುಗಳು ಕಳೆದರೂ ಗಂಟೆ ನಿಲ್ಲದವರಿಗೆ, ಭಯದ ನೆನಪನ್ನು ನಿಧಾನವಾಗಿ, ನುರಿತವರ ಸಮ್ಮುಖದಲ್ಲಿ, ಮತ್ತೆ ಮತ್ತೆ ಎದುರಿಸಿ ತಾರೀಖು ಹಚ್ಚುವ ಚಿಕಿತ್ಸೆಗಳಿವೆ. ಅವು ಫಲ ಕೊಡುತ್ತವೆಂದು ಸಿದ್ಧವಾಗಿದೆ.

ಆದರೂ ಎಲ್ಲ ಭಯವನ್ನೂ ರೋಗವೆಂದು ಕರೆದುಬಿಡುವ ಅಪಾಯವೊಂದಿದೆ. ಕೊಡಗಿನ ಗುಡ್ಡಗಳು ೨೦೧೮ರಲ್ಲಿ ಜಾರಿ ಸುಮ್ಮನಾಗಲಿಲ್ಲ. ೨೦೧೯ರಲ್ಲಿ ಮತ್ತೆ ಜಾರಿದವು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಕುಸಿದು ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡಿತು. ಇಳಿಜಾರಿನ ಬುಡವನ್ನು ಯಂತ್ರದಿಂದ ಕಡಿದು ರಸ್ತೆ, ವಸತಿಗೃಹಗಳನ್ನು ಮಾಡುವುದು ನಿಂತಿಲ್ಲ. ಹೀಗಿರುವಾಗ ಗುಡ್ಡದ ಕೆಳಗೆ ಮನೆಯಿರುವವನ ಎಚ್ಚರವನ್ನು ಕಾಯಿಲೆಯೆಂದರೆ ಅವನು ನಮ್ಮನ್ನೇ ಹುಚ್ಚರೆಂದಾನು. ನಿಜವಾದ ಅಪಾಯವನ್ನು ತೆಗೆಯದೆ ಭಯವನ್ನು ಮಾತ್ರ ತೆಗೆಯಹೊರಡುವುದು ವೈದ್ಯವಲ್ಲ, ಮೋಸ.

ಇಲ್ಲಿಯೇ ಭೂವಿಜ್ಞಾನಿಯ ಕೆಲಸವೂ ಮನೋವೈದ್ಯನ ಕೆಲಸವೂ ಕೂಡಿಕೊಳ್ಳುತ್ತವೆಯೆಂದು ನನಗೆ ತೋರುತ್ತದೆ. ಹೊರಗೆ ನಂಬಿಕೆಯ ಕಾವಲುಗಾರನೊಬ್ಬ ಇದ್ದರೆ ಮಾತ್ರ ಒಳಗಿನ ಕಾವಲುಗಾರ ಕಣ್ಣು ಮುಚ್ಚಬಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ೨೦೨೪ರ ಜುಲೈ ತಿಂಗಳಲ್ಲಿ, ವಯನಾಡಿನ ದುರಂತಕ್ಕೆ ಕೆಲವೇ ದಿನ ಮುಂಚೆ, ಭೂಕುಸಿತದ ಮುನ್ಸೂಚನಾ ಕೇಂದ್ರವನ್ನು ಕೋಲ್ಕತದಲ್ಲಿ ತೆರೆಯಿತು. ಅಂಥ ಮುನ್ಸೂಚನೆ ಊರೂರಿನ ಬಾಗಿಲಿಗೆ, ಜನರ ಮಾತಿನಲ್ಲಿ, ಹೊತ್ತಿಗೆ ಸರಿಯಾಗಿ ಮುಟ್ಟುವಂತಾದರೆ ಅದು ಪ್ರಾಣವನ್ನಷ್ಟೇ ಅಲ್ಲ, ನಿದ್ದೆಯನ್ನೂ ಉಳಿಸುತ್ತದೆ. ಸುಳ್ಳು ಎಚ್ಚರಿಕೆ ಪದೇ ಪದೇ ಬಂದರೆ, ಅಥವಾ ಬರಬೇಕಾದಾಗ ಬಾರದಿದ್ದರೆ, ಪ್ರತಿಯೊಬ್ಬ ತಾಯಿಯೂ ತಾನೇ ಸೈರನ್ ಆಗಿ ರಾತ್ರಿಯೆಲ್ಲ ಬಾಗಿಲಲ್ಲಿ ಕೂರಬೇಕಾಗುತ್ತದೆ.

ನನ್ನ ಪರಿಚಯದ ಆ ತಾಯಿಯ ಸಾಲಿನ ಹೆಂಗಸರು ಯಾವ ಪುಸ್ತಕವನ್ನೂ ಓದದೆ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮಳೆ ಬಿರುಸಾದ ರಾತ್ರಿಗಳಲ್ಲಿ ಮನೆಗೊಬ್ಬರಂತೆ ಸರದಿ. ಆ ರಾತ್ರಿ ಯಾರ ಸರದಿಯೋ ಅವರು ಬ್ಯಾಟರಿ ಹಿಡಿದು ಎಚ್ಚರವಿರುತ್ತಾರೆ, ಮೊಬೈಲಿನಲ್ಲಿ ಮಳೆಯ ಸಮಾಚಾರ ನೋಡುತ್ತಾರೆ. ಏನಾದರೂ ಆದರೆ ತಟ್ಟೆ ಬಡಿಯಬೇಕು. ಉಳಿದವರು ಮಲಗಬೇಕು, ಅದು ಕರಾರು. "ಮೊದಲ ದಿನ ನಿದ್ದೆ ಬರಲಿಲ್ಲ ಡಾಕ್ಟ್ರೇ. ನಾಲ್ಕನೆಯ ದಿನ ಎರಡು ಗಂಟೆ ಮಲಗಿದೆ" ಎಂದು ಹೇಳುವಾಗ ಆಕೆಯ ಮುಖದಲ್ಲಿ ಕಳ್ಳತನ ಮಾಡಿದವರ ನಗೆಯಿತ್ತು. ನಾನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಕಾಗದ ಬರೆದುಕೊಟ್ಟಿದ್ದೆ; ಅಲ್ಲಿಗೂ ಹೋಗಿಬರುತ್ತಿದ್ದಾರೆ. ಯಾವುದರಿಂದ ಎಷ್ಟು ಗುಣವೆಂದು ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಲಾರಿಯ ಸದ್ದಿಗೆ ಈಗಲೂ ಏಳುತ್ತಾರಂತೆ. ಆದರೆ ಬಾಗಿಲವರೆಗೆ ಹೋಗುವುದಿಲ್ಲ, ಹಾಸಿಗೆಯಲ್ಲಿ ಕುಳಿತು ಕೇಳಿ ಮತ್ತೆ ಒರಗುತ್ತಾರಂತೆ.

ಕಳೆದ ಸಲ ಬಂದಾಗ ಅವರು ತಮ್ಮ ಹಳೆಯ ಚೀಟಿಗಳ ಕಟ್ಟನ್ನೇ ತಂದಿದ್ದರು. ಎಲ್ಲಕ್ಕೂ ಅಡಿಯಲ್ಲಿ, ಕೆಸರಿನ ಕಲೆ ಹತ್ತಿದ ನನ್ನ ಮೊದಲ ಚೀಟಿ ಇತ್ತು: ಎಷ್ಟು ದಿನದಿಂದ, ೩ ದಿನ. ಹೊಸ ಚೀಟಿಯಲ್ಲಿ ಅದೇ ಜಾಗಕ್ಕೆ ಬಂದಾಗ ಒಂದು ಕ್ಷಣ ಲೇಖನಿ ನಿಂತಿತು. ಆಮೇಲೆ ಬರೆದೆ: ೨೦೧೮ರ ಆಗಸ್ಟಿನಿಂದ.